ಒಂದೇ ಫ್ಲೋರ್, ಎರಡು ಲೈನ್, ದಿನಾ ಕಿತ್ತಾಟ: ಟೀಮ್‌ಗಳ ಪೈಪೋಟಿಯನ್ನು ಹೇಗೆ ಸಂಭಾಳಿಸೋದು?

ಕಾವೇರಿ ತೀರ

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆ ಒಂದು ಗಾರ್ಮೆಂಟ್ಸ್ ಯೂನಿಟ್‌ನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ನಾವು ಮಾಡೋದು ಶರ್ಟ್. ನನ್ನ ಕೈಕೆಳಗೆ ಎರಡು ಹೊಲಿಗೆ ಲೈನ್ ಇವೆ, ಒಂದೊಂದರಲ್ಲೂ ಸುಮಾರು 40 ಜನ. ಇಬ್ಬರು ಸೂಪರ್‌ವೈಸರ್‌ಗಳೂ ಟೇಲರ್ ಆಗಿ ಸೇರಿ ಮೇಲೆ ಬಂದವರು. ಕೆಲಸ ಚೆನ್ನಾಗಿ ಬಲ್ಲವರು.

ಕೆಲವು ತಿಂಗಳ ಹಿಂದೆ ಮ್ಯಾನೇಜ್‌ಮೆಂಟ್ ಒಂದು ಸ್ಪರ್ಧೆ ಇಟ್ಟಿತು. ವಾರದಲ್ಲಿ ಯಾವ ಲೈನ್ ಜಾಸ್ತಿ ಪೀಸ್ ಕೊಡುತ್ತದೋ ಆ ಲೈನ್‌ಗೆ ಇನ್ಸೆಂಟಿವ್. ಫ್ಲೋರ್ ಮಧ್ಯದ ಬೋರ್ಡ್‌ನಲ್ಲಿ ಗಂಟೆಗೊಮ್ಮೆ ಎರಡೂ ಲೈನ್‌ನ ಔಟ್‌ಪುಟ್ ಬರೆಯುತ್ತಾರೆ. ಮೊದಮೊದಲು ಎಲ್ಲರಿಗೂ ಹುರುಪು ಬಂತು. ಪೀಸ್ ಕೂಡ ಜಾಸ್ತಿ ಆಯಿತು.

ಈಗ ನಡೆಯುತ್ತಿರುವುದೇ ಬೇರೆ. ಒಂದು ಲೈನ್‌ನಲ್ಲಿ ಕಾಲರ್ ಆಪರೇಟರ್ ರಜಾ ಹಾಕಿದರೆ ಪಕ್ಕದ ಲೈನ್‌ನಿಂದ ಯಾರನ್ನೂ ಕಳಿಸುವುದಿಲ್ಲ. ಬಟ್ಟೆಯ ಅಂಚು ಮಡಚಲು ಮೆಷಿನ್‌ಗೆ ಹಾಕುವ ಹೆಮ್ಮಿಂಗ್ ಫೋಲ್ಡರ್‌ಗಳನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತಾರೆ. ಬೆಳಿಗ್ಗೆ ಬೇಗ ಬಂದು ಕಟಿಂಗ್‌ನಿಂದ ಕತ್ತರಿಸಿದ ಬಟ್ಟೆಯ ಒಳ್ಳೆಯ ಬಂಡಲ್‌ಗಳನ್ನು ಎತ್ತಿಕೊಂಡು ಹೋಗುತ್ತಾರೆ. ಕಾಜಾ-ಬಟನ್ ಮೆಷಿನ್ ಎರಡೂ ಲೈನ್‌ಗೆ ಒಂದೇ. ಅಲ್ಲಿ ಕೂರುವ ಹೆಣ್ಣುಮಗಳಿಗೆ ಎರಡೂ ಕಡೆಯಿಂದ ಬೈಗುಳ. ಊಟಕ್ಕೂ ಬೇರೆ ಬೇರೆ ಕೂರುತ್ತಾರೆ. ಕಳೆದ ವಾರ ಸೂಪರ್‌ವೈಸರ್‌ಗಳು ಎಲ್ಲರ ಎದುರಿಗೇ ಕೂಗಾಡಿದರು.

ಎಚ್‌ಆರ್‌ನವರು ಇಬ್ಬರಲ್ಲಿ ಒಬ್ಬರನ್ನು ಬೇರೆ ಯೂನಿಟ್‌ಗೆ ಕಳಿಸೋಣ ಅಂತಾರೆ. ಇಲ್ಲವೇ ಎರಡೂ ಲೈನ್‌ನವರನ್ನು ಒಂದು ಭಾನುವಾರ ಬಲಮುರಿಗೆ ಕರೆದುಕೊಂಡು ಹೋಗೋಣ ಅಂತಾರೆ. ಇಂಥದ್ದನ್ನು ನೋಡಿದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಏನು ಮಾಡಿದರೆ ಸರಿ?

ನಾಲ್ಕನೇ ಲೈನ್

ಸರ್, ನಾನು ಹನ್ನೊಂದು ವರ್ಷ ಮೆಷಿನ್ ಮೇಲೆ ಕೂತವಳು. ಆಮೇಲೆ ಸೂಪರ್‌ವೈಸರ್ ಆದೆ. ಈಗ ಮನೆಯಲ್ಲೇ ಸಣ್ಣ ಟೇಲರಿಂಗ್ ಇಟ್ಟುಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಸೂಪರ್‌ವೈಸರ್‌ನ ಎತ್ತಂಗಡಿ ಮಾಡಬೇಡಿ. ಹೊಸಬರು ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ಬೋರ್ಡ್ ನೋಡಿದರೆ ಒಂದೇ ತಿಂಗಳಲ್ಲಿ ಅವರೂ ಫೋಲ್ಡರ್‌ಗೆ ಬೀಗ ಹಾಕುತ್ತಾರೆ.

ಆ ಬೀಗ ಯಾಕೆ ಬಂತು ಅಂತ ನೋಡಿ. ನನ್ನ ಫೋಲ್ಡರ್ ಪಕ್ಕದ ಲೈನ್‌ಗೆ ಹೋದರೆ ಅವರ ಪೀಸ್ ಏರುತ್ತದೆ, ನನ್ನದು ಇಳಿಯುತ್ತದೆ. ಕೊಟ್ಟವಳಿಗೆ ನಷ್ಟ, ಬಚ್ಚಿಟ್ಟವಳಿಗೆ ಲಾಭ. ಇದರಲ್ಲಿ ಅವರ ಗುಣ ಕೆಟ್ಟದ್ದು ಅನ್ನೋದೇನೂ ಇಲ್ಲ. ನೀವು ಇಟ್ಟ ಲೆಕ್ಕಕ್ಕೆ ತಕ್ಕ ಹಾಗೆ ಅವರು ನಡೆದುಕೊಳ್ಳುತ್ತಿದ್ದಾರೆ.

ಇನ್ನೊಂದು ವಿಚಾರ ಕೇಳಬೇಕು. ಇನ್ಸೆಂಟಿವ್ ಯಾರಿಗೆ ಎಷ್ಟು ಹೋಗುತ್ತದೆ? ನಾನು ನೋಡಿದ ಕಡೆ ಸೂಪರ್‌ವೈಸರ್‌ಗೆ ದೊಡ್ಡ ಪಾಲು, ಟೇಲರ್‌ಗೆ ಅದರ ಚೂರು, ಹೆಲ್ಪರ್‌ಗೆ ಏನೂ ಇಲ್ಲ. ಹಾಗಿದ್ದರೆ ಜಗಳ ಮೇಲಿನವರದು, ಅದರ ಬಿಸಿ ತಟ್ಟೋದು ಮೆಷಿನ್ ಮೇಲೆ ಕೂತವರಿಗೆ. ಬೋರ್ಡ್‌ನಲ್ಲಿ ಹಿಂದೆ ಬಿದ್ದ ಗಂಟೆ ಬಾತ್‌ರೂಮ್‌ಗೆ ಏಳೋದಕ್ಕೂ ಹೆದರಿಕೆ ಆಗುತ್ತದೆ ಸರ್. ಅದನ್ನೂ ನೋಡಿ.

ಮೇಷ್ಟ್ರು

ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತೇನೆ. ಬಲಮುರಿ ಪ್ರವಾಸದ ಬಗ್ಗೆ ಒಂದು ಹಳೆಯ ಪ್ರಯೋಗ ಹೇಳಬೇಕು ಅನ್ನಿಸಿತು.

1954ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಮುಝಫರ್ ಶೆರಿಫ್ ಎಂಬ ವಿಜ್ಞಾನಿ ತನ್ನ ಸಂಗಡಿಗರ ಜೊತೆ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆತಂದರು. ಜಾಗದ ಹೆಸರು ರಾಬರ್ಸ್ ಕೇವ್. ಹುಡುಗರಿಗೆ ಹನ್ನೊಂದು-ಹನ್ನೆರಡು ವರ್ಷ. ಎರಡು ಗುಂಪು ಮಾಡಿದರು. ಒಂದು ರ್‍ಯಾಟ್ಲರ್ಸ್, ಇನ್ನೊಂದು ಈಗಲ್ಸ್. ಮೊದಲ ಕೆಲವು ದಿನ ಎರಡನ್ನೂ ಬೇರೆ ಬೇರೆ ಇಟ್ಟರು. ಆಮೇಲೆ ಬೇಸ್‌ಬಾಲ್, ಹಗ್ಗಜಗ್ಗಾಟ ಎಲ್ಲ ಆಡಿಸಿದರು. ಬಹುಮಾನ ಗೆದ್ದವರಿಗೆ ಮಾತ್ರ, ಸೋತವರಿಗೆ ಏನೂ ಇಲ್ಲ. ಸ್ವಲ್ಪ ದಿನಕ್ಕೇ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಒಬ್ಬರ ಗುಡಿಸಲಿಗೆ ಇನ್ನೊಬ್ಬರು ನುಗ್ಗಿದರು.

ನಿಮಗೆ ಬೇಕಾದ ಭಾಗ ಮುಂದಿನದು. ಜಗಳ ಬಿಡಿಸಲು ಎರಡೂ ಗುಂಪನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು. ಒಟ್ಟಿಗೆ ಸಿನಿಮಾ ತೋರಿಸಿದರು. ಅದರಿಂದ ಏನೂ ಆಗಲಿಲ್ಲ. ಊಟದ ಮನೆಯಲ್ಲಿ ತಿಂಡಿ ಎಸೆದಾಡಿದರು, ಅಷ್ಟೆ. ಆಮೇಲೆ ಶಿಬಿರದ ನೀರು ನಿಂತುಹೋಗುವ ಹಾಗೆ ಮಾಡಿದರು. ಊಟ ತರಬೇಕಾದ ಟ್ರಕ್ ಸ್ಟಾರ್ಟ್ ಆಗದ ಹಾಗೆ ಮಾಡಿದರು. ಒಂದು ಗುಂಪಿನಿಂದ ಆಗದ ಕೆಲಸ, ಎರಡೂ ಸೇರಿದರೆ ಮಾತ್ರ ಆಗುವ ಕೆಲಸ. ಅಲ್ಲಿಂದ ಬದಲಾವಣೆ ಶುರುವಾಯಿತು. ಅದೂ ಒಂದೇ ಸಲಕ್ಕೆ ಆಗಲಿಲ್ಲ. ಇಂಥ ಕೆಲಸ ಮೇಲಿಂದ ಮೇಲೆ ಬಂದಾಗ ಮಾತ್ರ ಹಗೆ ಕಡಿಮೆ ಆಯಿತು. ಕೊನೆಗೆ ಒಂದೇ ಬಸ್ಸಿನಲ್ಲಿ ಊರಿಗೆ ಹೋಗೋಣ ಅಂತ ಹುಡುಗರೇ ಕೇಳಿದರು.

ಆದ್ದರಿಂದ ಬಲಮುರಿಗೆ ಹೋಗಿ ಬನ್ನಿ, ಸಂತೋಷ. ಆದರೆ ಸೋಮವಾರ ಅದೇ ಬೋರ್ಡ್ ಅಲ್ಲೇ ಇದ್ದರೆ ಪ್ರವಾಸದಿಂದ ಏನನ್ನೂ ನಿರೀಕ್ಷಿಸಬೇಡಿ.

ಇದೇ ಶೆರಿಫ್ ಅದರ ಹಿಂದಿನ ವರ್ಷ, 1953ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದ್ದೇ ಪ್ರಯೋಗ ಮಾಡಿದ್ದರು. ಅದು ಅರ್ಧಕ್ಕೇ ನಿಂತಿತು. ಅಲ್ಲಿ ಹುಡುಗರನ್ನು ಗುಂಪು ಮಾಡುವ ಮೊದಲು ಒಟ್ಟಿಗೆ ಬಿಟ್ಟಿದ್ದರು, ಗೆಳೆತನ ಬೆಳೆದಿತ್ತು. ದೊಡ್ಡವರು ಎಷ್ಟು ಕೆಣಕಿದರೂ ಅವರು ಒಬ್ಬರ ಮೇಲೊಬ್ಬರು ಬೀಳಲಿಲ್ಲ. ಉಲ್ಟಾ ದೊಡ್ಡವರ ಮೇಲೇ ಅನುಮಾನ ಪಟ್ಟರು. ಈ ಎರಡನೆಯ ಕಥೆ ಪಾಠಗಳಲ್ಲಿ ಕಾಣುವುದು ಕಡಿಮೆ. ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಹೊಸದಾಗಿ ಸೇರುವವರನ್ನು ಮೊದಲ ವಾರಗಳಲ್ಲಿ ಎರಡೂ ಲೈನ್‌ನಲ್ಲಿ ಕೂರಿಸಿ ಕೆಲಸ ಕಲಿಸಬಹುದಲ್ವಾ?

ಹುಬ್ಬಳ್ಳಿ ಮಾರ್ಕೆಟಿಂಗ್

ಎಲ್ಲರೂ ಸ್ಪರ್ಧೆಯನ್ನೇ ದೂರುತ್ತಿದ್ದೀರಿ. ನಾನು ಒಪ್ಪುವುದಿಲ್ರಿ. ಸೇಲ್ಸ್‌ನಲ್ಲಿ ಇಪ್ಪತ್ತು ವರ್ಷ ಇದ್ದೇನೆ. ಬೆಳಗಾವಿ ಟೀಮ್ ಮತ್ತು ಕಲಬುರಗಿ ಟೀಮ್ ನಡುವೆ ತಿಂಗಳ ಪೈಪೋಟಿ ಇದ್ದಾಗಲೇ ನಮ್ಮ ಮಾರಾಟ ಏರಿದ್ದು. ಯಾರೂ ಯಾರನ್ನೂ ನೋಡದೆ ತಮ್ಮ ಪಾಡಿಗೆ ಕೆಲಸ ಮಾಡಿದರೆ ಜನ ಆರಾಮಾಗಿಬಿಡುತ್ತಾರೆ. ಮೊದಮೊದಲು ಹುರುಪು ಬಂತು, ಪೀಸ್ ಜಾಸ್ತಿ ಆಯಿತು ಅಂತ ಕಾವೇರಿ ತೀರದವರೇ ಬರೆದಿದ್ದಾರೆ. ಅದನ್ನು ಬಿಟ್ಟುಕೊಡುವುದು ಯಾಕೆ? ಕೂಗಾಡಿದವರಿಗೆ ಮೆಮೊ ಕೊಡಿ, ಸ್ಪರ್ಧೆ ನಡೆಸಿ.

ನಾಲ್ಕನೇ ಲೈನ್

ಹುಬ್ಬಳ್ಳಿ ಅಣ್ಣ, ನಿಮ್ಮ ಬೆಳಗಾವಿಯವರು ಕಲಬುರಗಿಯವರ ಸ್ಕೂಟರ್ ಕೇಳೋದಿಲ್ಲ ಅಲ್ವಾ? ಅವರವರ ಊರು, ಅವರವರ ಅಂಗಡಿ. ಇಲ್ಲಿ ಹಾಗಲ್ಲ. ಕಟಿಂಗ್ ಒಂದೇ, ಕಾಜಾ ಮೆಷಿನ್ ಒಂದೇ, ಮೆಕ್ಯಾನಿಕ್ ಒಬ್ಬರೇ, ಐರನಿಂಗ್ ಟೇಬಲ್ ಒಂದೇ. ಒಬ್ಬರ ಕೈಯಿಂದ ಕಿತ್ತುಕೊಳ್ಳದೆ ಇನ್ನೊಬ್ಬರು ಮುಂದೆ ಹೋಗೋ ದಾರಿಯೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗೆ ಆಗುತ್ತದೆ. ನೇಗಿಲು ಮಾತ್ರ ಇಬ್ಬರಿಗೂ ಒಂದೇ.

ಹುಬ್ಬಳ್ಳಿ ಮಾರ್ಕೆಟಿಂಗ್

ಈ ಮಾತು ಸರಿ ಅದ ಅಕ್ಕ. ಹಂಚಿಕೊಳ್ಳುವ ಸಾಮಾನು ಇದ್ದರೆ ಲೆಕ್ಕ ಬೇರೆ, ಒಪ್ಪಿದೆ. ನಮ್ಮಲ್ಲೂ ಒಂದೇ ದೊಡ್ಡ ಗಿರಾಕಿಗೆ ಎರಡು ಟೀಮ್ ಹೋದಾಗ ರೇಟ್ ಇಳಿಸಿ ಇಳಿಸಿ ಇಬ್ಬರೂ ಕೆಟ್ಟಿದ್ದಾರೆ. ಆದರೂ ಹುರುಪು ಉಳಿಸಿಕೊಳ್ಳೋದು ಹೇಗೆ ಅನ್ನೋ ನನ್ನ ಪ್ರಶ್ನೆ ಹಾಗೇ ಇದೆ.

ಕಾವೇರಿ ತೀರ

ಇಷ್ಟು ಜನ ಬರೆದಿದ್ದಕ್ಕೆ ಧನ್ಯವಾದ. ನಾಲ್ಕನೇ ಲೈನ್ ಅಕ್ಕನ ಊಹೆ ಸರಿ. ಇನ್ಸೆಂಟಿವ್‌ನಲ್ಲಿ ಹೆಲ್ಪರ್‌ಗಳಿಗೆ ಪಾಲಿಲ್ಲ.

ಇನ್ನೊಂದು ವಿವರ ಕೊಡಬೇಕು. ಎರಡು ಲೈನ್‌ಗೂ ಯಾವಾಗಲೂ ಒಂದೇ ಸ್ಟೈಲ್ ಇರುವುದಿಲ್ಲ. ಈ ತಿಂಗಳು ಒಂದು ಲೈನ್‌ಗೆ ಪ್ಲೇನ್ ಶರ್ಟ್, ಸ್ಯಾಮ್ 20 ನಿಮಿಷ. ಇನ್ನೊಂದಕ್ಕೆ ಎರಡು ಪಾಕೆಟ್, ಫ್ಲಾಪ್ ಇರುವ ಶರ್ಟ್, ಸ್ಯಾಮ್ 24. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಪೀಸ್ ಹೊಲಿಯಲು ಇಷ್ಟು ನಿಮಿಷ ಬೇಕು ಅಂತ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಡಿಪಾರ್ಟ್‌ಮೆಂಟ್ ಲೆಕ್ಕ ಹಾಕಿ ಕೊಡುವುದೇ ಸ್ಯಾಮ್.

40 ಜನ, 8 ಗಂಟೆ ಅಂದರೆ 19,200 ನಿಮಿಷ. ಸ್ಯಾಮ್ 20 ಇದ್ದರೆ ನೂರಕ್ಕೆ ನೂರು ಎಫಿಶಿಯನ್ಸಿಯಲ್ಲಿ 960 ಪೀಸ್ ಬರಬೇಕು. 24 ಇದ್ದರೆ 800. ಎರಡೂ ಲೈನ್ ಶೇಕಡಾ 55ರಷ್ಟು ಎಫಿಶಿಯನ್ಸಿ ಕೊಟ್ಟರೆ ಒಂದರದು 528, ಇನ್ನೊಂದರದು 440. ಬೋರ್ಡ್ ನೋಡಿದವರಿಗೆ ಕಾಣೋದು 88 ಪೀಸ್ ಹಿಂದೆ ಅಂತ ಮಾತ್ರ.

ಕ್ವಾಲಿಟಿ ಅಕ್ಕ

ಇದೇ ನೋಡಿ ವಿಷಯ! ಪೀಸ್ ಎಣಿಸಿ ಬಹುಮಾನ ಕೊಟ್ಟರೆ ಸ್ಟೈಲ್ ಹಂಚುವವರೇ ಗೆದ್ದವರನ್ನು ತೀರ್ಮಾನ ಮಾಡಿದ ಹಾಗಾಯಿತು. ಸ್ಟೈಲ್ ಬದಲಾದಾಗ ಮೊದಲ ಕೆಲವು ದಿನ ಯಾವ ಲೈನ್ ಆದರೂ ಬೀಳುತ್ತದೆ, ಕೈ ಕೂರಬೇಕಲ್ಲ. ಹಾಗಾಗಿ ಸಣ್ಣ ಸಣ್ಣ ಆರ್ಡರ್ ಸಿಕ್ಕ ಲೈನ್ ಸದಾ ಸೋತಿರುತ್ತದೆ. ಅವರಿಗೆ ಸಿಟ್ಟು ಬರದೆ ಇನ್ನೇನು?

ನಾನು ಫ್ಯಾಕ್ಟರಿ ಕ್ವಾಲಿಟಿಯಲ್ಲಿ ಇದ್ದೇನೆ. ನಿಮ್ಮ ಪೋಸ್ಟ್‌ನಲ್ಲಿ ಬಾರದ ಒಂದು ವಿಚಾರ ಹೇಳಲೇಬೇಕು. ಈ ಪೈಪೋಟಿ ಬರೀ ಮನಸ್ಸು ಕೆಡಿಸುವುದಿಲ್ಲ, ಶರ್ಟನ್ನೂ ಕೆಡಿಸುತ್ತದೆ.

ಕಟಿಂಗ್‌ನಲ್ಲಿ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಕತ್ತರಿಸುತ್ತಾರೆ. ಪ್ರತಿ ಪದರಕ್ಕೂ ನಂಬರ್ ಸ್ಟಿಕ್ಕರ್ ಇರುತ್ತದೆ. 57ನೇ ಪದರದ ಫ್ರಂಟ್‌ಗೆ 57ನೇ ಪದರದ ತೋಳೇ ಸೇರಬೇಕು. ಒಂದು ರೋಲ್‌ಗೂ ಇನ್ನೊಂದು ರೋಲ್‌ಗೂ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ, ಅದಕ್ಕೇ ನಂಬರ್. ಈಗ ಗಂಟೆ ಮುಗಿಯುತ್ತಾ ಬಂತು, ಒಂದು ಲೈನ್‌ನಲ್ಲಿ ಕಫ್ ಕಡಿಮೆ ಬಿತ್ತು ಅಂದುಕೊಳ್ಳಿ. ಲೈನ್‌ಗೆ ಬಿಡಿಭಾಗ ತಂದುಕೊಡುವ ಫೀಡಿಂಗ್ ಹೆಲ್ಪರ್ ಓಡಿಹೋಗಿ ಪಕ್ಕದ ಬಂಡಲ್‌ನಿಂದ ನಾಲ್ಕು ಕಫ್ ಎಳೆದು ಕೊಡುತ್ತಾನೆ. ಆ ಗಂಟೆಯ ಪೀಸ್ ಬಂತು. ಆದರೆ ಈಗ ನಾಲ್ಕು ಶರ್ಟ್‌ನ ಕಫ್ ಬೇರೆ ಶೇಡ್. ಆ ಕಡೆ ಬಂಡಲ್‌ನಲ್ಲಿ ನಾಲ್ಕು ಶರ್ಟ್‌ಗೆ ಕಫ್ಫೇ ಇಲ್ಲ. ಸಂಜೆ ಫಿನಿಷಿಂಗ್‌ನಲ್ಲಿ ಲೈಟ್ ಕೆಳಗೆ ಇಟ್ಟಾಗ ಗೊತ್ತಾಗುತ್ತದೆ. ಆಗ ಸೂಯಿಂಗ್‌ನವರು ಕಟಿಂಗ್ ಕಡೆ ಕೈ ತೋರಿಸುತ್ತಾರೆ, ಕಟಿಂಗ್‌ನವರು ಸ್ಟೋರ್ ಕಡೆ.

ಬೈಯರ್ ಫೈನಲ್ ಇನ್‌ಸ್ಪೆಕ್ಷನ್‌ಗೆ ಬಂದರೆ ಯಾವ ಲೈನ್ ಹೊಲಿದದ್ದು ಅಂತ ಕೇಳುವುದಿಲ್ಲ. 3,000 ಪೀಸ್‌ನ ಲಾಟ್‌ನಲ್ಲಿ 125 ಶರ್ಟ್ ತೆಗೆದು ನೋಡುತ್ತಾರೆ. ಎಕ್ಯೂಎಲ್, ಅಂದರೆ ಒಪ್ಪಬಹುದಾದ ದೋಷದ ಮಟ್ಟ, 2.5 ಇದ್ದರೆ ದೊಡ್ಡ ದೋಷದ ಪೀಸ್ 7 ಸಿಕ್ಕರೂ ಪಾಸ್. 8 ಸಿಕ್ಕರೆ ಇಡೀ ಲಾಟ್ ಫೇಲ್. ಗೆದ್ದ ಲೈನ್, ಸೋತ ಲೈನ್ ಎರಡೂ ಸೇರಿ ಡಬ್ಬ ಬಿಚ್ಚಿ ಮತ್ತೆ ಚೆಕ್ ಮಾಡಬೇಕು. ಶಿಪ್‌ಮೆಂಟ್ ತಪ್ಪಿ ವಿಮಾನದಲ್ಲಿ ಕಳಿಸಬೇಕಾಗಿ ಬಂದರೆ ಆ ಆರ್ಡರ್‌ನ ಲಾಭ ಅಲ್ಲಿಗೇ ಹೋಯಿತು.

ಜಗಳದಲ್ಲಿ ಅರ್ಧ ಪಾಲು ತಪ್ಪನ್ನು ಯಾರ ತಲೆಗೆ ಕಟ್ಟೋದು ಅನ್ನೋದೇ. ನಾವು ಮಾಡಿದ್ದು ಇಷ್ಟು. ಪೀಸ್ ಪರೀಕ್ಷಿಸುವ ಚೆಕ್ಕರ್‌ಗಳ ಶೀಟ್‌ನಲ್ಲಿ ಆಲ್ಟ್ರೇಷನ್‌ಗೆ, ಅಂದರೆ ಸರಿಮಾಡಬೇಕಾದ ಪೀಸ್‌ಗೆ, ಒಂದೇ ಕಾಲಂ ಇತ್ತು, ಅದನ್ನು ಮೂರು ಮಾಡಿದೆವು. ಬಟ್ಟೆಯ ದೋಷ, ಕಟಿಂಗ್ ದೋಷ, ಹೊಲಿಗೆ ದೋಷ. ಎಲ್ಲ ದೋಷವನ್ನೂ ಸಿಕ್ಕ ಜಾಗದ ಲೈನ್‌ಗೆ ಬರೆಯೋದು ನಿಲ್ಲಿಸಿದೆವು, ಹುಟ್ಟಿದ ಜಾಗಕ್ಕೆ ಬರೆದೆವು. ಕಟಿಂಗ್‌ನವರಿಗೆ ಮೊದಲು ಕೋಪ ಬಂತು. ಆಮೇಲೆ ನಾಚ್ (ಜೋಡಿಸುವ ಜಾಗಕ್ಕೆ ಗುರುತಾಗಿ ಹಾಕುವ ಸಣ್ಣ ಕತ್ತರಿ) ತಪ್ಪಿದ ಬಂಡಲ್‌ಗಳು ನಿಜವಾಗಿಯೂ ಎಷ್ಟಿವೆ ಅಂತ ಅವರಿಗೇ ಕಂಡಿತು. ಕತ್ತರಿಸುವ ಬ್ಲೇಡ್ ಬದಲಿಸುವ ಸಮಯ ಅವರೇ ಹತ್ತಿರ ಮಾಡಿಕೊಂಡರು.

ಚೆಕ್ಕರ್‌ಗಳು ಯಾರ ಕೈಕೆಳಗೆ ಇದ್ದಾರೆ ಅಂತ ದಯವಿಟ್ಟು ನೋಡಿ. ಲೈನ್ ಸೂಪರ್‌ವೈಸರ್ ಕೈಕೆಳಗೆ ಇದ್ದರೆ ನಿಮ್ಮ ಬೋರ್ಡ್‌ನ ಯಾವ ಅಂಕಿಯನ್ನೂ ನಂಬೋ ಹಾಗಿಲ್ಲ.

ಆನ್‌ಕಾಲ್ ರಾತ್ರಿ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಡೆಯವನು. ಕ್ವಾಲಿಟಿ ಅಕ್ಕ ಹೇಳಿದ್ದು ಓದಿ ನಮ್ಮದೇ ಕಥೆ ಅನ್ನಿಸಿತು. ನಮ್ಮಲ್ಲಿ ಜಗಳ ಕೋಡ್ ಬರೆಯೋರಿಗೂ ಸರ್ವರ್ ನೋಡಿಕೊಳ್ಳೋರಿಗೂ. ಬರೆಯೋರಿಗೆ ಹೊಸ ಫೀಚರ್ ಬೇಗ ಹೊರಗೆ ಹೋಗಬೇಕು, ಅದಕ್ಕೇ ಅವರಿಗೆ ಹೊಗಳಿಕೆ. ಸರ್ವರ್‌ನವರಿಗೆ ಏನೂ ಬೀಳಬಾರದು. ಏನಾದರೂ ಬಿದ್ದರೆ ರಾತ್ರಿ ಎರಡಕ್ಕೆ ಏಳೋದು ಅವರೇ. ಹಾಗಾಗಿ ಒಬ್ಬರು ತಳ್ಳುತ್ತಾರೆ, ಇನ್ನೊಬ್ಬರು ತಡೆಯುತ್ತಾರೆ.

ಗೂಗಲ್‌ನಲ್ಲಿ 2003ರ ಸುಮಾರಿಗೆ ಶುರುವಾದ ಎಸ್‌ಆರ್‌ಇ ತಂಡಗಳು (ಸೇವೆಗಳು ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವ ಎಂಜಿನಿಯರ್‌ಗಳು) ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಒಂದು ಸೇವೆ 99.9% ಸಮಯ ನಡೆದರೆ ಸಾಕು ಅಂತ ಎಲ್ಲರೂ ಮೊದಲೇ ಒಪ್ಪುತ್ತಾರೆ ಅಂದುಕೊಳ್ಳಿ. ಹಾಗಾದರೆ 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ ನಿಂತರೂ ಪರವಾಗಿಲ್ಲ. ಆ 43 ನಿಮಿಷಕ್ಕೆ ಎರರ್ ಬಜೆಟ್ ಅಂತಾರೆ. ಬಜೆಟ್ ಉಳಿದಿರುವವರೆಗೂ ಕೋಡ್ ಬರೆಯೋರು ಎಷ್ಟು ಬೇಕಾದರೂ ಹೊಸದು ಬಿಡಬಹುದು, ಸರ್ವರ್‌ನವರು ಅಡ್ಡ ಬರುವುದಿಲ್ಲ. ಮುಗಿದರೆ ಹೊಸದು ನಿಲ್ಲುತ್ತದೆ, ಎಲ್ಲರೂ ರಿಪೇರಿಗೆ ಕೂರುತ್ತಾರೆ. ಇಬ್ಬರ ಕಣ್ಣೂ ಒಂದೇ ಅಂಕಿ ಮೇಲೆ. ಈ ವಾರ ಬಿಡೋಣವಾ ಬೇಡವಾ ಅಂತ ಯಾರ ದನಿ ಜೋರು ಅಂತ ನೋಡಬೇಕಿಲ್ಲ, ಅಂಕಿ ನೋಡಿದರೆ ಸಾಕು.

ನಿಮ್ಮ ಫ್ಲೋರ್‌ಗೂ ಇದು ಬರುತ್ತದೆ ಅನ್ನಿಸುತ್ತದೆ. ಎರಡೂ ಲೈನ್‌ಗೆ, ಕಟಿಂಗ್‌ಗೆ, ಫಿನಿಷಿಂಗ್‌ಗೆ ಸೇರಿ ಒಂದೇ ಅಂಕಿ ಇಡಿ. ಶಿಪ್‌ಮೆಂಟ್ ದಿನಕ್ಕೆ ಮೊದಲ ಸಲವೇ ಪಾಸ್ ಆಗಿ ಡಬ್ಬಕ್ಕೆ ಹೋದ ಶರ್ಟ್ ಎಷ್ಟು, ಅಷ್ಟೇ ಸಾಕು.

ಬಿಡದಿ ಬೋಲ್ಟ್

ಆಟೋ ಪಾರ್ಟ್ಸ್ ಕಡೆಯಿಂದ ಒಂದೆರಡು ಮಾತು.

ಕ್ವಾಲಿಟಿ ವಿಚಾರದಲ್ಲಿ ಜಪಾನಿನ ಕೌರು ಇಶಿಕಾವಾ ಹೆಸರು ಕೇಳಿರುತ್ತೀರಿ. ಮುಂದಿನ ಪ್ರೊಸೆಸ್ ನಿಮ್ಮ ಗಿರಾಕಿ ಅಂತ ಅವರು ಕಲಿಸಿದರು. ಗೋಡೆ ಮೇಲೆ ಇದನ್ನು ಬರೆದು ಬಿಟ್ಟರೆ ಏನೂ ಆಗುವುದಿಲ್ಲ. ನಾವು ತಿಂಗಳಿಗೊಮ್ಮೆ ಮುಂದಿನ ಡಿಪಾರ್ಟ್‌ಮೆಂಟ್‌ನವರನ್ನು ಕರೆಸಿ ಎರಡೇ ಪ್ರಶ್ನೆ ಕೇಳುತ್ತೇವೆ. ನಮ್ಮಿಂದ ಬಂದ ಮಾಲಿನಲ್ಲಿ ನಿಮಗೆ ಏನು ತೊಂದರೆ ಆಯಿತು? ನಾವು ಯಾವ ಕೆಲಸ ಸುಮ್ನೆ ಮಾಡುತ್ತಿದ್ದೇವೆ? ಉತ್ತರ ಬರುವಾಗ ಈ ಕಡೆಯವರು ವಾದ ಮಾಡೋ ಹಾಗಿಲ್ಲ. ಬರೆದುಕೊಳ್ಳಬೇಕು ಅಷ್ಟೆ. ಈ ನಿಯಮ ಇಲ್ಲದೆ ನಡೆಸಬೇಡಿ, ಮೀಟಿಂಗ್ ಮತ್ತೆ ಜಗಳವಾಗುತ್ತದೆ.

ಜನರನ್ನು ಕಳಿಸುವ ತಕರಾರಿಗೆ ಪರಿಹಾರ ಸುಲಭ. ಒಬ್ಬ ಆಪರೇಟರ್ ಎರಡು ಗಂಟೆ ಪಕ್ಕದ ಲೈನ್‌ಗೆ ಹೋದರೆ ಆ 120 ನಿಮಿಷವನ್ನು ಕಳಿಸಿದ ಲೈನ್‌ನ ಲೆಕ್ಕದಿಂದ ತೆಗೆಯಿರಿ, ಪಡೆದ ಲೈನ್‌ಗೆ ಸೇರಿಸಿ. ಆಗ ಕೊಟ್ಟವರ ಎಫಿಶಿಯನ್ಸಿ ಬೀಳುವುದಿಲ್ಲ. ಕಾಗದದ ಮೇಲೆ ಒಂದು ಸಾಲು ಬರೆಯೋ ಕೆಲಸ. ಎಷ್ಟೋ ಕಡೆ ಇದನ್ನು ಮಾಡದೆ ವರ್ಷಗಟ್ಟಲೆ ಮುನಿಸು ಇಟ್ಟುಕೊಳ್ಳುತ್ತಾರೆ.

ವ್ಯವಸ್ಥೆ ಬದಲಾದರೆ ಅದೇ ಜನ ಬದಲಾಗುತ್ತಾರಾ ಅಂತ ಅನುಮಾನ ಇರುವವರಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರು ಕಾರ್ಖಾನೆಯ ಉದಾಹರಣೆ ಇದೆ. ಜನರಲ್ ಮೋಟರ್ಸ್ ಅದನ್ನು 1982ರಲ್ಲಿ ಮುಚ್ಚಿತು. ಕಾರ್ಮಿಕರಿಗೂ ಮ್ಯಾನೇಜರ್‌ಗಳಿಗೂ ಆಗಿಬರುತ್ತಿರಲಿಲ್ಲ, ಗೈರುಹಾಜರಿ ವಿಪರೀತ. 1984ರಲ್ಲಿ ಟೊಯೊಟಾ ಜೊತೆ ಸೇರಿ ನಮ್ಮಿ ಹೆಸರಿನಲ್ಲಿ ಮತ್ತೆ ತೆರೆದರು. ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು, ಯೂನಿಯನ್ ಕೂಡ ಅದೇ. ಆದರೆ ಈಗ ತೊಂದರೆ ಕಂಡರೆ ಯಾರು ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು. ಎಳೆದವರಿಗೆ ಬೈಗುಳ ಇಲ್ಲ, ಟೀಮ್ ಲೀಡರ್ ಸಹಾಯಕ್ಕೆ ಓಡಿ ಬರುತ್ತಿದ್ದರು. ಹಾಜರಾತಿಯೂ ಸುಧಾರಿಸಿತು, ಕಾರಿನ ಗುಣಮಟ್ಟವೂ ಸುಧಾರಿಸಿತು.

ಹೊಂಬೆಳಕು ಎಚ್‌ಆರ್

ಲೆಕ್ಕ ಸರಿಮಾಡಿ ಅನ್ನೋ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ಇಷ್ಟು ದಿನ ಕೂಗಾಡಿದ ಇಬ್ಬರು ಬೋರ್ಡ್ ಬದಲಾದ ಕೂಡಲೇ ತಣ್ಣಗಾಗುವುದಿಲ್ಲ. ಅವರನ್ನು ಕೂರಿಸಿ ಮಾತಾಡಿಸಲೇಬೇಕು. ಅದನ್ನು ಹೇಗೆ ಮಾಡೋದು ಅಂತ ಯಾರೂ ಬರೆದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಬ್ಬೊಬ್ಬರ ಜೊತೆ ಬೇರೆ ಬೇರೆ ಮಾತಾಡಿ. ಅವನ ಬಗ್ಗೆ ಏನು ಹೇಳುತ್ತೀರಿ ಅಂತ ಕೇಳಬೇಡಿ. ಒಂದು ದಿನದಲ್ಲಿ ಯಾವ ಹೊತ್ತಿಗೆ, ಯಾವ ಕೆಲಸಕ್ಕೆ ಕೈ ಕಟ್ಟಿಹೋಗುತ್ತದೆ ಅಂತ ಕೇಳಿ. ಆಗ ಜಗಳದ ಬದಲು ಕೆಲಸದ ಮಾತು ಬರುತ್ತದೆ. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕರೆಯಿರಿ. ಕ್ಯಾಬಿನ್‌ಗೆ ಬೇಡ, ಶಿಫ್ಟ್ ಮುಗಿದ ಮೇಲೆ ಆ ಕಾಜಾ ಮೆಷಿನ್ ಹತ್ತಿರವೇ ನಿಲ್ಲಿಸಿ. ಇನ್ನು ಯಾರ ಎದುರಿಗೆ ಜಗಳ ಆಯಿತೋ ಅವರ ಎದುರಿಗೆ ಕ್ಷಮೆ ಕೇಳಿಸುವ ಕೆಲಸ ಮಾಡಬೇಡಿ. ಸೋತ ಮುಖ ಹೊತ್ತುಕೊಂಡು ಸೂಪರ್‌ವೈಸರ್ ಮರುದಿನ ಲೈನ್ ನಡೆಸಲಾರ.

1920ರ ದಶಕದಲ್ಲಿ ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಹೆಣ್ಣುಮಗಳು ಇದರ ಬಗ್ಗೆ ತುಂಬಾ ಯೋಚಿಸಿದ್ದರು. ಜಗಳ ಮುಗಿಯೋದು ಮೂರು ರೀತಿ ಅಂತ ಅವರ ವಿಚಾರ. ಒಬ್ಬರು ಗೆಲ್ಲೋದು. ಇಬ್ಬರೂ ಅರ್ಧರ್ಧ ಬಿಡೋದು. ಇಲ್ಲವೇ ಇಬ್ಬರ ಬೇಡಿಕೆಯೂ ಪೂರ್ತಿ ಈಡೇರುವ ದಾರಿ ಹುಡುಕೋದು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಫಾಲೆಟ್‌ಗೆ ಮುಚ್ಚಿರಬೇಕಿತ್ತು. ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಗಾಳಿ ಬೇಕಿತ್ತು, ಇನ್ನೊಬ್ಬರಿಗೆ ನೇರ ಗಾಳಿ ಬೇಡವಾಗಿತ್ತು. ಎರಡೂ ಆಯಿತು. ನಿಮ್ಮ ಕಾಜಾ ಮೆಷಿನ್‌ಗೂ ಹಾಗೇ ಕೇಳಿ. ಒಂದು ಲೈನ್‌ಗೆ ಬೆಳಿಗ್ಗೆ ಬೇಕೋ, ಇನ್ನೊಂದಕ್ಕೆ ಮಧ್ಯಾಹ್ನ ಬೇಕೋ? ಹೊತ್ತು ಹಂಚಿ ಬರೆದರೆ ಮುಗಿಯಬಹುದು. ಮುಗಿಯದಿದ್ದರೆ ಇನ್ನೊಂದು ಮೆಷಿನ್ ಕೇಳೋದು ನಿಮ್ಮ ಕೆಲಸ. ಮೆಷಿನ್ ಕೊರತೆಯನ್ನು ಇಬ್ಬರು ಸೂಪರ್‌ವೈಸರ್‌ಗಳ ಸ್ನೇಹದಿಂದ ತುಂಬಿಸೋಕೆ ಆಗುವುದಿಲ್ಲ.

ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆ ಕಾಜಾ ಮೆಷಿನ್ ಹೆಣ್ಣುಮಗಳಿಗೆ ಬಿದ್ದ ಬೈಗುಳವನ್ನು ಟೀಮ್ ಪೈಪೋಟಿ ಲೆಕ್ಕಕ್ಕೆ ಸೇರಿಸಬೇಡಿ. ಅದು ಬೇರೆ ವಿಷಯ, ಇವತ್ತೇ ನಿಲ್ಲಬೇಕು. ಲೈಂಗಿಕ ಅರ್ಥದ ಕೆಟ್ಟ ಮಾತು ಬಂದಿದ್ದರೆ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಫ್ಯಾಕ್ಟರಿಯ ಆಂತರಿಕ ಸಮಿತಿಗೆ ದೂರು ಕೊಡುವ ಹಕ್ಕು ಅವರಿಗಿದೆ. ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿದೆಯಾ, ಕೇಳಿ.

ನಾಲ್ಕನೇ ಲೈನ್

ಹೊಂಬೆಳಕು ಮೇಡಂ, ಕೊನೆಯ ಮಾತಿಗೆ ಕೈ ಮುಗಿಯುತ್ತೇನೆ.

ಹುಬ್ಬಳ್ಳಿ ಮಾರ್ಕೆಟಿಂಗ್

ಎಲ್ಲ ಓದಿದೆ. ನನ್ನ ಹುರುಪಿನ ಪ್ರಶ್ನೆಗೆ ನಾನೇ ಒಂದು ದಾರಿ ಹೇಳುತ್ತೇನೆ, ಸರಿಯಾ ನೋಡ್ರಿ. ಲೈನ್‌ಗೂ ಲೈನ್‌ಗೂ ಸ್ಪರ್ಧೆ ಬೇಡ. ಪ್ರತಿ ಲೈನ್ ತನ್ನದೇ ಕಳೆದ ತಿಂಗಳ ಎಫಿಶಿಯನ್ಸಿ ಜೊತೆ ಸ್ಪರ್ಧೆ ಮಾಡಲಿ. ದಾಟಿದ ಎಲ್ಲರಿಗೂ ಇನ್ಸೆಂಟಿವ್. ಎರಡೂ ದಾಟಿದರೆ ಎರಡಕ್ಕೂ.

ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಇಲ್ಲ ಅನ್ನೋ ಪದ್ಧತಿಯನ್ನು ಮೈಕ್ರೋಸಾಫ್ಟ್‌ನಂಥ ಕಂಪನಿಯೇ 2013ರಲ್ಲಿ ಕೈಬಿಟ್ಟಿತು. ಒಂದೇ ಟೀಮ್‌ನವರನ್ನು ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸಿ ಗ್ರೇಡ್ ಕೊಡುತ್ತಿದ್ದರು. ಬುದ್ಧಿವಂತರು ಬುದ್ಧಿವಂತರ ಜೊತೆ ಕೆಲಸ ಮಾಡಲು ಹಿಂದೇಟು ಹಾಕುತ್ತಿದ್ದರು ಅನ್ನೋ ದೂರು ಅದರ ಮೇಲಿತ್ತು.

ಕ್ವಾಲಿಟಿ ಅಕ್ಕ

ಸರಿ ಇದೆ. ಆದರೆ ಎಫಿಶಿಯನ್ಸಿ ಒಂದನ್ನೇ ಇಟ್ಟರೆ ಮತ್ತೆ ಕಫ್ ಕಳ್ಳತನ ಶುರು! ಜೊತೆಗೆ ಡಿಎಚ್‌ಯು, ಅಂದರೆ ನೂರು ಪೀಸ್‌ಗೆ ಎಷ್ಟು ದೋಷ ಅನ್ನೋ ಲೆಕ್ಕ, ಕೂಡ ಇರಲಿ. 500 ಪೀಸ್ ಚೆಕ್ ಮಾಡಿದಾಗ 40 ದೋಷ ಸಿಕ್ಕರೆ ಡಿಎಚ್‌ಯು 8. ಇಂತಿಷ್ಟಕ್ಕಿಂತ ಮೇಲೆ ಹೋದರೆ ಆ ವಾರ ಇನ್ಸೆಂಟಿವ್ ಇಲ್ಲ ಅಂತ ಒಂದು ಗೆರೆ ಎಳೆಯಿರಿ. ಬಟ್ಟೆ ಮತ್ತು ಕಟಿಂಗ್ ದೋಷವನ್ನು ಆ ಲೆಕ್ಕದಿಂದ ಹೊರಗಿಡಿ, ಮರೆಯಬೇಡಿ.

ಕಾವೇರಿ ತೀರ

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಜನರಲ್ ಮ್ಯಾನೇಜರ್ ಹತ್ತಿರ ಹೋದೆ. ಆದದ್ದು ಇಷ್ಟು.

ಬೋರ್ಡ್ ತೆಗೆಯಲು ಅವರು ಒಪ್ಪಲಿಲ್ಲ, ಬೈಯರ್ ಬಂದಾಗ ತೋರಿಸಬೇಕಂತೆ. ಆದರೆ ಪೀಸ್ ಬದಲು ಎಫಿಶಿಯನ್ಸಿ ಬರೆಯಲು ಒಪ್ಪಿದರು. ಸ್ಟೈಲ್ ಬದಲಾದ ಮೊದಲ ಮೂರು ದಿನ ಲೆಕ್ಕಕ್ಕೆ ಇಲ್ಲ. ಕಳಿಸಿದ ಆಪರೇಟರ್‌ನ ನಿಮಿಷ ವರ್ಗಾವಣೆಗೆ ಐಇಯವರು ಒಂದು ಸ್ಲಿಪ್ ಮಾಡಿಕೊಟ್ಟಿದ್ದಾರೆ. ಇಬ್ಬರು ಸೂಪರ್‌ವೈಸರ್‌ಗಳೂ ಸಹಿ ಹಾಕಬೇಕು. ಚೆಕ್ಕರ್‌ಗಳು ಇನ್ನು ಮೇಲೆ ಕ್ವಾಲಿಟಿ ಮ್ಯಾನೇಜರ್ ಕೈಕೆಳಗೆ. ಹೆಲ್ಪರ್‌ಗಳಿಗೂ ಪಾಲು ಕೊಡುವ ವಿಚಾರ ಹೆಡ್ ಆಫೀಸ್‌ಗೆ ಹೋಗಿದೆ, ಉತ್ತರ ಬಂದಿಲ್ಲ. ನಾನು ಬಿಡುವುದಿಲ್ಲ.

ಕಾಜಾ ಮೆಷಿನ್ ಹತ್ತಿರ ಇಬ್ಬರನ್ನೂ ನಿಲ್ಲಿಸಿ ಮಾತಾಡಿಸಿದೆ. ಸುಮಾರು ಹೊತ್ತು ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬರು, ಊಟದ ನಂತರದ ಮೊದಲ ಗಂಟೆ ನನಗೆ ಬಿಟ್ಟರೆ ಸಾಕು ಅಂದರು. ಇನ್ನೊಬ್ಬರಿಗೆ ಆ ಹೊತ್ತಿಗೆ ಅದು ಬೇಕೇ ಇರಲಿಲ್ಲ. ಇಷ್ಟಕ್ಕೆ ಇಷ್ಟು ದಿನ ಹೋಯಿತಲ್ಲ ಅಂತ ಬೇಜಾರಾಯಿತು. ಆ ಹೆಣ್ಣುಮಗಳ ಹತ್ತಿರವೂ ಮಾತಾಡಿದ್ದೇವೆ. ಸಮಿತಿಯವರ ಹೆಸರು, ಫೋನ್ ನಂಬರ್ ಕನ್ನಡದಲ್ಲಿ ಬರೆಸಿ ಊಟದ ಹಾಲ್‌ನಲ್ಲಿ ಹಾಕಿಸಿದ್ದೇವೆ.

ಒಂದು ಸಮಸ್ಯೆ ಹಾಗೇ ಇದೆ. ಒಂದು ಲೈನ್‌ನಲ್ಲಿ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿ ಇರುವ ಹುಡುಗಿಯರೇ ಜಾಸ್ತಿ. ಇನ್ನೊಂದರಲ್ಲಿ ಸುತ್ತಮುತ್ತಲ ಹಳ್ಳಿಯವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಹಾಗಾಗಿ ಲೈನ್ ಜಗಳ ಊರ ಜಗಳದ ಹಾಗೆ ಕಾಣಿಸುತ್ತಿದೆ. ಅದಕ್ಕೆ ಏನು ಮಾಡೋದು?

ಮೇಷ್ಟ್ರು

ಲೈನ್ ಹಂಚುವಾಗಲೇ ಬೆರೆಸಬೇಕಿತ್ತು ಸರ್. ಈಗ ಏಕಾಏಕಿ ಒಡೆದು ಕೂರಿಸಿದರೆ ಹಾಸ್ಟೆಲ್ ಹುಡುಗಿಯರು ಒಂಟಿಯಾಗುತ್ತಾರೆ. ಇಬ್ಬರು ಮೂವರನ್ನು ಜೊತೆಗೇ ಕಳಿಸಿ, ಒಬ್ಬೊಬ್ಬರನ್ನೇ ಬೇಡ.

ನಾಲ್ಕನೇ ಲೈನ್

ಮೇಷ್ಟ್ರು ಹೇಳಿದ್ದು ನಿಜ. ನಾನು ಒಂದು ಸೇರಿಸುತ್ತೇನೆ. ಅಪರೇಷನ್, ಅಂದರೆ ಯಾರು ಯಾವ ಹೊಲಿಗೆ ಕೆಲಸ ಮಾಡುತ್ತಾರೆ ಅಂತ, ನೋಡಿ ಕೂರಿಸಿ. ಕಾಲರ್ ಮಾಡುವವಳ ಮುಂದೆ ಕಾಲರ್ ಜೋಡಿಸುವವಳು ಕೂರುತ್ತಾಳೆ ಅಲ್ವಾ? ಆ ಜೋಡಿಯಲ್ಲಿ ಒಬ್ಬಳು ಊರವಳು, ಒಬ್ಬಳು ಹೊರಗಿನವಳು ಇರಲಿ. ಒಬ್ಬಳ ಪೀಸ್ ಇನ್ನೊಬ್ಬಳ ಕೈಗೆ ದಿನಕ್ಕೆ ನೂರಾರು ಸಲ ಹೋಗುತ್ತದೆ. ಕಾಲರ್ ತುದಿ ಸರಿ ಬಂದಿಲ್ಲ ಅಂತ ತೋರಿಸಲು ಭಾಷೆ ಬೇಕಿಲ್ಲ, ಬೆರಳು ಸಾಕು. ನನ್ನ ಲೈನ್‌ನಲ್ಲಿ ಒಡಿಶಾದ ಹುಡುಗಿಯರು ಕನ್ನಡ ಕಲಿತದ್ದು ಹೀಗೇ. ನಮ್ಮವರೂ ಒಂದಷ್ಟು ಒಡಿಯಾ ಕಲಿತರು. ಸೂಪರ್‌ವೈಸರ್ ಇಬ್ಬರಿಗೂ ಹಿಂದಿ ಬರುತ್ತದೆಯಾ? ಬಾರದಿದ್ದರೆ ಆ ಹುಡುಗಿಯರಲ್ಲೇ ಚುರುಕಾದವಳೊಬ್ಬಳನ್ನು ಫೀಡಿಂಗ್ ನೋಡಿಕೊಳ್ಳಲು ಹಾಕಿ. ಬಂಡಲ್ ಯಾರಿಗೆ ಹೋಗಬೇಕು ಅಂತ ಅವಳೂ ಹೇಳೋ ಹಾಗಿದ್ದರೆ ಹೊರಗಿನವರಿಗೆ ಮೋಸ ಆಗುತ್ತಿದೆ ಅನ್ನೋ ಅನುಮಾನ ಅರ್ಧ ಹೋಗುತ್ತದೆ.

ಕಾವೇರಿ ತೀರ

ಫೀಡಿಂಗ್ ಐಡಿಯಾ ತುಂಬಾ ಚೆನ್ನಾಗಿದೆ ಅಕ್ಕ. ಸೋಮವಾರ ಹೊಸ ಸ್ಟೈಲ್ ಲೋಡ್ ಆಗುತ್ತಿದೆ, ಲೇಔಟ್ ಹೇಗೂ ಬದಲಾಗಬೇಕು. ಕಾಲರ್, ಕಫ್ ಸೆಕ್ಷನ್‌ನಿಂದಲೇ ಶುರು ಮಾಡುತ್ತೇನೆ. ಇಬ್ಬರು ಸೂಪರ್‌ವೈಸರ್‌ಗಳನ್ನೂ ಶನಿವಾರ ಕೂರಿಸಿಕೊಂಡು ಯಾರು ಎಲ್ಲಿ ಅಂತ ಅವರ ಕೈಯಿಂದಲೇ ಬರೆಸುತ್ತೇನೆ.